ಎಣಿಕೆಯಿಂದ ಪೂರ್ಣಾಂಕದತ್ತ: ಸಂಖ್ಯಾಲೋಕ ಹಿಗ್ಗಿದ ಬಗೆ

ಎಣಿಕೆಗೆ ಒದಗುವ 1, 2, 3 ಮೊದಲಾದವನ್ನು ಸ್ವಾಭಾವಿಕ ಸಂಖ್ಯೆಗಳೆಂದೂ, ಅವುಗಳಿಗೆ ಸೊನ್ನೆ ಸೇರಿದಾಗ ಪೂರ್ಣ ಸಂಖ್ಯೆಗಳೆಂದೂ, −1, −2, −3 ಮುಂತಾದ ಋಣ ಸಂಖ್ಯೆಗಳೂ ಕೂಡಿದಾಗ ಪೂರ್ಣಾಂಕಗಳೆಂದೂ ಶಾಲಾ ಪಠ್ಯಗಳು ಕ್ರಮವಾಗಿ ಪರಿಚಯಿಸುತ್ತವೆ. ಒಂದರೊಳಗೊಂದು ಅಡಕವಾದ ಈ ಗಣಗಳು ಅದೇ ಅನುಕ್ರಮದಲ್ಲಿ ಹುಟ್ಟಿದಂತೆ ತೋರಿದರೂ ಇತಿಹಾಸ ಹಿಡಿದ ಹಾದಿ ಬೇರೆ. ಕ್ರಿ.ಪೂ. 1650ರ ಸುಮಾರಿನ ಈಜಿಪ್ಟಿನ ರಿಂಡ್ ಪಪೈರಸ್‌ನಲ್ಲಿಯೇ ಭಿನ್ನರಾಶಿಗಳ ಲೆಕ್ಕಗಳು ಹೇರಳವಾಗಿವೆ. ಚೌಕದ ಬಾಹುವಿಗೂ ಕರ್ಣಕ್ಕೂ ಇರುವ ಅನುಪಾತವನ್ನು ಯಾವ ಭಿನ್ನರಾಶಿಯೂ ನಿಖರವಾಗಿ ಹೇಳಲಾರದೆಂಬುದನ್ನು ಗ್ರೀಕರು ಕ್ರಿಸ್ತಪೂರ್ವದಲ್ಲಿಯೇ ಅರಿತಿದ್ದರು. ಸೊನ್ನೆ ಮತ್ತು ಋಣ ಸಂಖ್ಯೆಗಳಿಗೆ ಸಂಪೂರ್ಣ ಮನ್ನಣೆ ದೊರೆತದ್ದು ಬಹುಕಾಲದ ಅನಂತರ.

ಎರಡು ಪೂರ್ಣ ಸಂಖ್ಯೆಗಳನ್ನು ಕೂಡಿದರೂ ಗುಣಿಸಿದರೂ ಪೂರ್ಣ ಸಂಖ್ಯೆಯೇ ಬರುತ್ತದೆ. ಉತ್ತರವು ಗಣದೊಳಗೇ ಉಳಿಯುವ ಈ ಲಕ್ಷಣಕ್ಕೆ ಆವೃತ ಗುಣವೆಂದು ಹೆಸರು. ಆದರೆ 3ರಿಂದ 5ನ್ನು ಕಳೆಯಹೊರಟರೆ ಪೂರ್ಣ ಸಂಖ್ಯೆಗಳಲ್ಲಿ ಉತ್ತರವಿಲ್ಲ, ಆ ಕೊರತೆಯನ್ನು ನೀಗುವುದೇ ಪೂರ್ಣಾಂಕಗಳ ಗಣ. ಚೀನಾದ ಪ್ರಾಚೀನ ಗಣಿತಗ್ರಂಥಕ್ಕೆ ಕ್ರಿ.ಶ. 263ರಲ್ಲಿ ವ್ಯಾಖ್ಯಾನ ಬರೆದ ಲ್ಯೂ ಹುಯಿ, ಧನರಾಶಿಗೆ ಕೆಂಪು ಕಡ್ಡಿಗಳನ್ನೂ ಋಣರಾಶಿಗೆ ಕಪ್ಪು ಕಡ್ಡಿಗಳನ್ನೂ ಬಳಸುವ ಕ್ರಮವನ್ನು ವಿವರಿಸಿದನು. ಬ್ರಹ್ಮಗುಪ್ತನು 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ, ಶೂನ್ಯಗಳನ್ನು ಒಟ್ಟಾಗಿರಿಸಿ, ಅವುಗಳ ಸಂಕಲನ, ವ್ಯವಕಲನ, ಗುಣಾಕಾರಗಳ ನಿಯಮಗಳನ್ನು ನಿರೂಪಿಸಿದನು. ಋಣವನ್ನು ಋಣದಿಂದ ಗುಣಿಸಿದರೆ ಧನವೆಂಬ ಅವನ ನಿಯಮ ಮನಸ್ಸಿಗೆ ತೋಚಿದ ಕಟ್ಟಳೆಯಲ್ಲ: (−1) × (1 + (−1)) ಸೊನ್ನೆಯಾಗಲೇಬೇಕಾದ್ದರಿಂದ, ಆವರಣ ಬಿಡಿಸಿದಾಗ ದೊರೆಯುವ −1ನ್ನು ಸರಿದೂಗಿಸಲು (−1) × (−1) ಎಂಬುದು 1 ಆಗದೆ ಗತ್ಯಂತರವಿಲ್ಲ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯನು, ಋಣರಾಶಿಯು ಸ್ವಭಾವತಃ ವರ್ಗವಲ್ಲದ ಕಾರಣ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನುಡಿದನು. ಭಿನ್ನರಾಶಿರೂಪದ ಭಾಗಲಬ್ಧ ಸಂಖ್ಯೆಗಳೂ ಹಾಗೆ ಬರೆಯಲಾಗದ ಅಭಾಗಲಬ್ಧ ಸಂಖ್ಯೆಗಳೂ ಸೇರಿದ ವಾಸ್ತವ ಸಂಖ್ಯೆಗಳ ಮಿತಿಯಲ್ಲಿ ಆ ಮಾತು ಇಂದಿಗೂ ಸತ್ಯ; ಅದನ್ನು ಮೀರಲು ಬೇಕಾದ ಸಂಮಿಶ್ರ ಸಂಖ್ಯೆಗಳ ಲೆಕ್ಕಕ್ರಮವನ್ನು ಇಟಲಿಯ ಬೊಂಬೆಲ್ಲಿ 1572ರಲ್ಲಿ ಪ್ರಕಟಿಸಿದನು.

ಪ್ರತಿಯೊಂದು ವಿಸ್ತರಣೆಯೂ ಹಿಂದಿನ ಗಣವನ್ನು ಅದರ ಲೆಕ್ಕದ ನಿಯಮಗಳೊಂದಿಗೆ ತನ್ನೊಳಗೆ ಉಳಿಸಿಕೊಂಡಿತು: ಎಲ್ಲ ಪೂರ್ಣ ಸಂಖ್ಯೆಗಳೂ ಪೂರ್ಣಾಂಕಗಳೇ, ಎಲ್ಲ ಪೂರ್ಣಾಂಕಗಳೂ ಭಾಗಲಬ್ಧ ಸಂಖ್ಯೆಗಳೇ. ಆದರೂ ಪ್ರತಿ ಗಳಿಕೆಗೆ ಒಂದು ತ್ಯಾಗವುಂಟು. ಪೂರ್ಣಾಂಕಗಳಲ್ಲಿ ಎಲ್ಲಕ್ಕಿಂತ ಕಿರಿದಾದ ಸಂಖ್ಯೆಯೆಂಬುದಿಲ್ಲ, ಭಾಗಲಬ್ಧಗಳಲ್ಲಿ ‘ಮುಂದಿನ ಸಂಖ್ಯೆ’ಯಿಲ್ಲ, ಸಂಮಿಶ್ರ ಸಂಖ್ಯೆಗಳಲ್ಲಿ ಲೆಕ್ಕದ ನಿಯಮಗಳಿಗೆ ಹೊಂದುವ ಹಿರಿದು-ಕಿರಿದೆಂಬ ಕ್ರಮವೇ ಇಲ್ಲ. ಯಾವುದನ್ನು ಬಿಟ್ಟು ಯಾವುದನ್ನು ಪಡೆಯಲಾಯಿತೆಂಬುದನ್ನು ಅರಿತಾಗಲೇ ಈ ಗಣಗಳ ಸಂಬಂಧ ಬಾಯಿಪಾಠದ ಪಟ್ಟಿಯಾಗದೆ ಜ್ಞಾನವಾಗುತ್ತದೆ.