ಪಿನ್ ಗುಟ್ಟು ಮತ್ತು ಅಂಧ ಗ್ರಾಹಕ

ಹೊನವಾಡದ ಗೊಬ್ಬರದ ಅಂಗಡಿಯಾಗಲಿ, ವಿಜಯಪುರ ನಗರದ ಬಟ್ಟೆ ಅಂಗಡಿಯಾಗಲಿ, ಗ್ರಾಹಕರು ಕಾರ್ಡು ಕೊಟ್ಟೊಡನೆ ‘ಪಿನ್ ನಂಬರ್ ಹೇಳ್ರಿ’ ಎಂದು ಕೇಳುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಉಳಿದಿದೆ. ಕಣ್ಣಿರುವವರು ಯಂತ್ರವನ್ನು ತಮ್ಮತ್ತ ತಿರುಗಿಸಿಕೊಂಡು ತಾವೇ ಒತ್ತಬಲ್ಲರು. ಅಂಧರಿಗೆ ಅದು ಸಾಧ್ಯವಾಗುವುದು ಯಂತ್ರದಲ್ಲಿ ಗುಂಡಿಗಳಿದ್ದಾಗ ಮಾತ್ರ. ಐದರ ಗುಂಡಿಯ ಮೇಲಿನ ಉಬ್ಬು ಚುಕ್ಕೆಯೊಂದು ಬೆರಳಿಗೆ ಸಿಕ್ಕರೆ ಉಳಿದ ಅಂಕಿಗಳ ಸ್ಥಾನ ತಾನಾಗಿ ತಿಳಿಯುತ್ತದೆ. ಈಚೆಗೆ ಬಂದಿರುವ ಅನೇಕ ಸ್ವೈಪ್ ಯಂತ್ರಗಳಾದರೋ ಬರಿಯ ನುಣುಪು ಗಾಜಿನವು. ಅಂತಹ ಕಡೆ ಅಂಧ ಗ್ರಾಹಕರು ಪಿನ್ನನ್ನು ಬಾಯಿಬಿಟ್ಟು ಹೇಳದೆ ಗತ್ಯಂತರವಿಲ್ಲ.

ಇದನ್ನು ಅನುಕಂಪದ ವಿಷಯವೆಂದು ಬದಿಗಿಡುವವರುಂಟು. ಲೆಕ್ಕಪರಿಶೋಧಕನಾದ ನನಗೆ ಇದು ಹೊಣೆಗಾರಿಕೆಯ ವಿಷಯವಾಗಿ ಕಾಣುತ್ತದೆ. ಖಾತೆದಾರನ ಒಪ್ಪಿಗೆಯಿಲ್ಲದೆ ಹಣ ಹೋದಾಗ ನಷ್ಟ ಯಾರದೆಂಬುದನ್ನು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿವರಿಸಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಇದ್ದಲ್ಲಿ, ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ದೂರಿತ್ತ ಗ್ರಾಹಕನಿಗೆ ನಷ್ಟವಿಲ್ಲವೆಂದಿತು. ಗುಟ್ಟಿನ ಸಂಖ್ಯೆಯನ್ನು ಇತರರಿಗೆ ತಿಳಿಸಿದ ಕಾರಣ ಹಣ ಹೋಗಿದ್ದರೆ, ದೂರು ಕೊಡುವವರೆಗಿನ ಪೂರ್ತಿ ನಷ್ಟ ಗ್ರಾಹಕನದೇ ಎಂದಿತು. ನಿಯಮವೇನೋ ನ್ಯಾಯವಾದುದೇ. ಆದರೆ ಕಣ್ಣಿಲ್ಲದವರು ತಾವೇ ಬಳಸಲಾಗದ ಉಪಕರಣವನ್ನು ಅವರ ಕೈಗಿತ್ತು, ಸಂಖ್ಯೆಯನ್ನು ಬೇರೆಯವರಿಗೆ ಹೇಳಿದ್ದು ನಿರ್ಲಕ್ಷ್ಯವೆಂದರೆ ಆ ನ್ಯಾಯ ಎಲ್ಲಿ ಉಳಿಯಿತು?

ಆದೇಶಗಳಿಗೆ ಕೊರತೆಯೇನೂ ಇಲ್ಲ. ಅಂಗವಿಕಲರ ಮುಖ್ಯ ಆಯುಕ್ತರ 2005ರ ಆದೇಶವನ್ನು ಅನುಸರಿಸಿ ರಿಸರ್ವ್ ಬ್ಯಾಂಕು 2008ರ ಜೂನ್ 4ರಂದು, ಚೆಕ್ ಪುಸ್ತಕ, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್, ಸಾಲ ಇವೆಲ್ಲವನ್ನೂ ಅಂಧರಿಗೆ ತಾರತಮ್ಯವಿಲ್ಲದೆ ಕೊಡಬೇಕೆಂದು ಬ್ಯಾಂಕುಗಳಿಗೆ ತಿಳಿಸಿತು. ಅಂಧನೂ ಕರಾರು ಮಾಡಿಕೊಳ್ಳಲು ಅರ್ಹ ವ್ಯಕ್ತಿಯೆಂಬುದೇ ಇದರ ತಿರುಳು. 2014ರ ಜುಲೈ 1ರಿಂದ ಹೊಸದಾಗಿ ಸ್ಥಾಪಿಸುವ ಎಟಿಎಂಗಳೆಲ್ಲ ಧ್ವನಿ ಸೂಚನೆ ಮತ್ತು ಬ್ರೈಲ್ ಗುಂಡಿಗಳನ್ನು ಹೊಂದಿರಬೇಕೆಂಬ ಸೂಚನೆಯೂ ಬಂದಿತು. ಇಂತಹ ಯಂತ್ರಕ್ಕೆ ಇಯರ್‌ಫೋನ್ ಜೋಡಿಸಿದರೆ ಸೂಚನೆಗಳು ಕಿವಿಗಷ್ಟೇ ಕೇಳುತ್ತವೆ. ಇಯರ್‌ಫೋನ್ ಸಿಕ್ಕಿಸುವ ತೂತಿನಲ್ಲಿ ಧೂಳು ತುಂಬಿದ್ದರೆ ಮಾತ್ರ ಸುತ್ತೋಲೆ ನಿರುಪಯೋಗಿ.

ಆನ್‌ಲೈನ್ ವ್ಯವಹಾರದಲ್ಲಿ ತೊಡಕು ಇನ್ನೂ ಹೆಚ್ಚು. ನನ್ನ ಕಕ್ಷಿದಾರರಲ್ಲಿ ಒಬ್ಬ ಹಿರಿಯ ಒಣದ್ರಾಕ್ಷಿ ವ್ಯಾಪಾರಿ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡರು. ವ್ಯಾಪಾರ ನಿಲ್ಲಿಸಲಿಲ್ಲ; ಮಾಲನ್ನು ಬೆರಳಿನಿಂದ, ನಾಲಗೆಯಿಂದ ಪರೀಕ್ಷಿಸಿ ದರ ಹೇಳುತ್ತಾರೆ. ಅವರ ಚಾಲ್ತಿ ಖಾತೆಗೆ ಬ್ಯಾಂಕೊಂದು ಕೊಟ್ಟಿದ್ದುದು ಕೀಲಿಗೊಂಚಲಿನಷ್ಟು ಚಿಕ್ಕ ಟೋಕನ್. ಅದರ ಕಿಟಕಿಯಲ್ಲಿ ಕ್ಷಣಕ್ಕೊಂದು ಸಂಖ್ಯೆ ಮೂಡಿ ಮಾಯವಾಗುತ್ತಿತ್ತು. ಓದಲಾಗದೆಂದು ತಿಳಿಸಿದಾಗ ಬಂದ ಉತ್ತರ, ‘ಗುಮಾಸ್ತರಿಂದ ಓದಿಸಿರಿ.’ ಲಕ್ಷಾಂತರ ರೂಪಾಯಿಯ ಪಾವತಿಗೆ ಇದು ಬ್ಯಾಂಕಿನ ಸಲಹೆ! ಲಿಖಿತ ಅರ್ಜಿ ಕೊಟ್ಟ ಮೇಲೆ ಟೋಕನ್ ಬದಲು ಮೊಬೈಲಿಗೆ ಓಟಿಪಿ ಬರುವ ವ್ಯವಸ್ಥೆಯಾಯಿತು. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಅದನ್ನು ಓದಿ ಹೇಳುತ್ತದೆ. ಇಂಗ್ಲೆಂಡಿನ ಕೆಲವು ಬ್ಯಾಂಕುಗಳು ಸಂಖ್ಯೆಯನ್ನು ಧ್ವನಿಯಲ್ಲೇ ಹೇಳುವ ಉಪಕರಣಗಳನ್ನು ಕೊಟ್ಟಿದ್ದವು. ಅದು ತಂತ್ರಜ್ಞಾನಕ್ಕೆ ಮೀರಿದ್ದೇನಲ್ಲ. ಆದರೂ ಚಿತ್ರದಲ್ಲಿನ ಅಕ್ಷರ ಗುರುತಿಸಿ ಬರೆಯಬೇಕಾದ ಕ್ಯಾಪ್ಚಾ ಎದುರಾದರೆ ನನ್ನ ಕಕ್ಷಿದಾರರು ಇಂದಿಗೂ ಮಗನನ್ನು ಕರೆಯುತ್ತಾರೆ.

2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು, ಪ್ರಜ್ಞಾ ಪ್ರಸೂನ್ ಮತ್ತು ಅಂಧ ವಕೀಲ ಅಮರ್ ಜೈನ್ ಅವರ ಅರ್ಜಿಗಳ ಮೇಲೆ, ಡಿಜಿಟಲ್ ಸೇವೆಯನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಭಾಗವೆಂದು ಸಾರಿತು. ಕಣ್ಣು ಮಿಟುಕಿಸಿದರಷ್ಟೇ ಕೆವೈಸಿ ಆಗುವಂತಹ ಪದ್ಧತಿಗೆ ಪರ್ಯಾಯ ಬೇಕೆಂದು ಆದೇಶಿಸಿ, ಒಟ್ಟು 20 ನಿರ್ದೇಶನಗಳನ್ನು ನೀಡಿತು.

ಬ್ಯಾಂಕುಗಳು ಮಾಡಬೇಕಾದುದನ್ನು ಅವು ಮಾಡಲಿ. ಸ್ವೈಪ್ ಯಂತ್ರದ ಬಾಡಿಗೆ ಕೊಡುವವರು ನಾವು. ಯಂತ್ರ ಬದಲಿಸುವಾಗ ಗುಂಡಿಗಳುಳ್ಳದ್ದನ್ನೋ ಧ್ವನಿ ಸೌಲಭ್ಯವುಳ್ಳದ್ದನ್ನೋ ಲಿಖಿತವಾಗಿ ಕೇಳಬಹುದು. ಮೊತ್ತವನ್ನು ಗ್ರಾಹಕರಿಗೆ ಓದಿ ಹೇಳಿ, ಯಂತ್ರವನ್ನು ಅವರ ಕೈಗಿತ್ತು ಮುಖ ತಿರುಗಿಸಲು ಖರ್ಚೇನೂ ಇಲ್ಲ. ನಮ್ಮ ಅನುಕೂಲಕ್ಕೆಂದು ಇಟ್ಟುಕೊಂಡ ಸೌಂಡ್‌ಬಾಕ್ಸ್ ಬಂದ ಮೊತ್ತವನ್ನು ಗಟ್ಟಿಯಾಗಿ ಹೇಳುವುದರಿಂದ ಅಂಧ ಅಂಗಡಿಕಾರರಿಗೂ ಅಂಧ ಗ್ರಾಹಕರಿಗೂ ತಾನಾಗಿ ಉಪಯೋಗವಾಗಿದೆ. ಖಾತೆಯ ಪಾಲುದಾರರಲ್ಲಿ ದೃಷ್ಟಿ ಕುಂದಿದವರಿದ್ದರೆ, ಟೋಕನನ್ನು ಗುಮಾಸ್ತರ ಕೈಗೆ ಕೊಡುವ ಮುನ್ನ ಪರ್ಯಾಯ ಕೋರಿ ಬ್ಯಾಂಕಿಗೆ ಅರ್ಜಿ ಕೊಟ್ಟು, ಅದರ ಸ್ವೀಕೃತಿ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಿರಿ. ಮುಂದೆ ನಷ್ಟದ ವ್ಯಾಜ್ಯವೇನಾದರೂ ಬಂದರೆ ನಾನು ಮೊದಲು ಕೇಳುವ ಕಾಗದ ಅದೇ.