ಬಸ್ರೂರಿನ ಸೂಜಿ: ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು

ಮದುವೆ ಸೀಸನ್ ಬಂತೆಂದರೆ ಟೈಲರ್ ಅಂಗಡಿಯಲ್ಲಿ ಸೀರೆಗಿಂತ ರವಿಕೆಯದ್ದೇ ದೊಡ್ಡ ಮಾತು. ತೋಳಿಗೆ ಆರಿ ವರ್ಕ್ ಬೇಕು, ಬೆನ್ನಿಗೆ ನವಿಲು ಬೇಕು, ಅದೂ ಬರುವ ಶುಕ್ರವಾರದೊಳಗೆ ಬೇಕು. ಇಷ್ಟೆಲ್ಲ ಗಿರಾಕಿ ಇರುವಾಗ ಬಸ್ರೂರು ಮೂರುಕೈಯಿಂದ ಒಳಗೆ ತಿರುಗುವ ಬಸ್ಸಿನಲ್ಲಿ ಹೆಂಗಸರ ಕೈಚೀಲದೊಳಗೆ ರಿಂಗು, ದಾರದ ಲಡಿ ಕಂಡರೆ ಆಶ್ಚರ್ಯವೇನು? ಕೈ ಕಸೂತಿ ಕಲಿತು ನಾಲ್ಕು ಕಾಸು ಸಂಪಾದಿಸೋಣ ಎಂಬ ಆಸೆ ತಪ್ಪಲ್ಲ. ಕಲಿಸುವವರು ಯಾರು ಎಂಬುದೇ ಪ್ರಶ್ನೆ.

ಬಸ್ರೂರು ಒಂದು ಕಾಲದಲ್ಲಿ ಸಣ್ಣ ಊರಾಗಿರಲಿಲ್ಲ. ಇಲ್ಲಿಯ ಬಂದರಿನಿಂದ ಅಕ್ಕಿ ಕಡಲಾಚೆ ಹೋಗುತ್ತಿತ್ತು. ಪೋರ್ಚುಗೀಸರು ಬಂದು ಕೂತಿದ್ದರು. 1665ರಲ್ಲಿ ಶಿವಾಜಿ ಹಡಗು ತಂದು ಸೂರೆ ಮಾಡಿಕೊಂಡು ಹೋದ. ಅಷ್ಟೆಲ್ಲ ವ್ಯಾಪಾರ ಕಂಡ ಊರಾದರೂ ಕಸೂತಿಯ ಮನೆತನ ಇಲ್ಲಿಯದಲ್ಲ. ಕಸೂತಿ ಎಂದರೆ ಧಾರವಾಡ, ಹುಬ್ಬಳ್ಳಿ ಕಡೆಯ ಮಾತು, ಇಳಕಲ್ ಸೀರೆಯ ಮಾತು. ಅಲ್ಲಿ ಅಜ್ಜಿ ಹೊಲಿಯುವಾಗ ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಎಣಿಕೆ ತನ್ನಿಂದ ತಾನೇ ಬಂದುಬಿಡುತ್ತದೆ. ನಮ್ಮ ಕಡೆ ಅಜ್ಜಿಯ ಕೈಯಲ್ಲಿ ಇದ್ದದ್ದು ಮಲ್ಲಿಗೆ ಕಟ್ಟುವ ಬಾಳೆನಾರು, ಇಲ್ಲವೇ ಹೆಣೆಯುವ ತೆಂಗಿನ ಮಡಲು.

ಹಾಗಾಗಿ ಇಲ್ಲಿ ಪುಸ್ತಕವೇ ಗುರು, ಈಗಂತೂ ಮೊಬೈಲೇ ಗುರು. ವಿಡಿಯೊದಲ್ಲಿ ಕೈ ಸರಸರ ಓಡುತ್ತದೆ. ನೋಡಿದವರು ಹೊಲಿಯಲು ಕೂತರೆ ಮೂರನೇ ಹೊಲಿಗೆಗೇ ಗಂಟು. ಯಾಕೆ ಗಂಟು ಬಿತ್ತು ಎಂದು ಆ ಮೊಬೈಲು ಹೇಳುವುದಿಲ್ಲ.

ದಾರದ ಲಡಿಯನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಆ್ಯಂಕರ್ ಲಡಿಯ ದಾರದಲ್ಲಿ ಆರು ಎಳೆ ಇರುತ್ತವೆ. ಹೊಸಬರು ಆರನ್ನೂ ಒಟ್ಟಿಗೆ ಪೋಣಿಸುತ್ತಾರೆ. ತೆಳು ಬಟ್ಟೆಯಾದರೆ ತೂತು ಬಿದ್ದು ಎಲೆಯ ಜಾಗದಲ್ಲಿ ಜರಡಿ! ಎರಡು ಎಳೆ, ಹೆಚ್ಚೆಂದರೆ ಮೂರು ಸಾಕು ಎಂದು ತಿಳಿಯುವ ಹೊತ್ತಿಗೆ ಒಂದು ಕರ್ಚೀಫು ಹಾಳಾಗಿರುತ್ತದೆ. ಪದೇ ಪದೇ ಪೋಣಿಸುವ ಕಷ್ಟ ಬೇಡವೆಂದು ಮಾರುದ್ದ ದಾರ ಹಾಕಿದರೆ ಅದು ಸಿಕ್ಕಾಗುತ್ತದೆ, ಬಟ್ಟೆಯೊಳಗೆ ಉಜ್ಜಿ ಉಜ್ಜಿ ನವೆಯುತ್ತದೆ. ಮೊಣಕೈಯಿಂದ ಬೆರಳ ತುದಿವರೆಗಿನ ಉದ್ದ ಸ್ವಲ್ಪ ಮೀರಿದರೆ ಸಾಕು.

ಫ್ರೆಂಚ್ ನಾಟ್ ಅಂತೂ ಅಳಿಸಿಯೇ ಕಲಿಸುವುದು. ಸೂಜಿಗೆ ಎರಡು ಸುತ್ತು ಸುತ್ತಿ ಬಂದ ತೂತಿನಲ್ಲೇ ಕೆಳಗಿಳಿಸಿದರೆ ಗಂಟು ಮಾಯ, ಬಟ್ಟೆಯ ಆ ಕಡೆ ಹೋಗಿ ಕೂತಿರುತ್ತದೆ. ಒಂದೆರಡು ನೂಲು ಬಿಟ್ಟು ಪಕ್ಕದಲ್ಲಿ ಚುಚ್ಚಬೇಕು, ಅಷ್ಟೇ ಗುಟ್ಟು. ಸ್ಯಾಟಿನ್ ಹೊಲಿಗೆಯ ಎಲೆ ಮುದುಡಿತೆಂದರೆ ದಾರ ಜಗ್ಗಿದ್ದು ಹೆಚ್ಚಾಯಿತು, ಇಲ್ಲವೇ ರಿಂಗು ಸಡಿಲ. ರಿಂಗನ್ನು ರಾತ್ರಿಯಿಡೀ ಬಿಗಿದಿಟ್ಟರೆ ಬೆಳಗ್ಗೆ ಬಟ್ಟೆಯ ಮೇಲೆ ಉಂಗುರದ ಗುರುತು. ಕರಾವಳಿಯವರಿಗೆ ಇನ್ನೊಂದು ಶನಿ ಉಂಟು. ಮಳೆಗಾಲದ ಶೀತಕ್ಕೆ ಬಟ್ಟೆಯಲ್ಲೇ ಚುಚ್ಚಿಟ್ಟ ಸೂಜಿ ತುಕ್ಕು ಹಿಡಿದು ಬಿಳಿ ಬಟ್ಟೆಗೆ ಕಂದು ಚುಕ್ಕೆ ಬೀಳುತ್ತದೆ. ಕೆಂಪು ದಾರವನ್ನು ಮೊದಲೇ ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡದವರು, ಒಂದು ವಾರದ ಕೆಲಸ ಮೊದಲ ಒಗೆತಕ್ಕೇ ಗುಲಾಬಿಯಾಗುವುದನ್ನು ನೋಡಬೇಕಾಗುತ್ತದೆ.

ಇದಿಷ್ಟು ಹೂವು, ಬಳ್ಳಿಯ ಕತೆ. ಅಸಲಿ ಧಾರವಾಡ ಕಸೂತಿಗೆ ಕೈ ಹಾಕಿದವರ ಪಾಡು ಬೇರೆ. ಅದರಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಕಾರ್ಬನ್ ಕಾಗದ ಇಟ್ಟು ಚಿತ್ರ ಇಳಿಸಿಕೊಳ್ಳುವ ಹಾಗಿಲ್ಲ, ಬಟ್ಟೆಯ ನೂಲು ಎಣಿಸಿಯೇ ಹೊಲಿಯಬೇಕು. ಗಂಟು ಹಾಕುವ ಹಾಗೂ ಇಲ್ಲ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಎರಡೂ ಕಡೆ ಒಂದೇ ಚಿತ್ರ ಮೂಡುತ್ತದೆ. ಗೋಪುರದ ಬುಡದಲ್ಲಿ ಒಂದೇ ಒಂದು ನೂಲು ತಪ್ಪಿತೋ, ಅದು ಗೊತ್ತಾಗುವುದು ಶಿಖರದಲ್ಲಿ ಎರಡು ಪಕ್ಕ ಕೂಡದೇ ಹೋದಾಗ. ಆಗ ಕತ್ತರಿ ಹಾಕುವಂತಿಲ್ಲ. ಬಂದ ದಾರಿಯಲ್ಲೇ ಒಂದೊಂದಾಗಿ ಬಿಚ್ಚುತ್ತ ಬುಡಕ್ಕೆ ಬರಬೇಕು.

ಕಲಿಯುವವರಿಗೆ ಒಂದು ಅನುಕೂಲ ಮಾತ್ರ ಕೈಗೆಟುಕುವ ದೂರದಲ್ಲಿದೆ. ನಮ್ಮದೇ ಉಡುಪಿ ಕೈಮಗ್ಗದ ಬಟ್ಟೆ. 40ರ ನೂಲಿನದ್ದಾದರೆ ಎಣಿಸಲು ಸುಲಭ, 80ರ ನೂಲಿನದ್ದಾದರೆ ಕಣ್ಣಿಗೆ ಕಷ್ಟ. ನುಣುಪು ಪಾಲಿಯೆಸ್ಟರ್ ಮೇಲೆ ಎಣಿಕೆ ಕಲಿಯ ಹೊರಟರೆ ಹಗಲಲ್ಲೇ ನಕ್ಷತ್ರ ಕಾಣುತ್ತದೆ.

ಸಂಡೂರಿನ ಲಂಬಾಣಿ ಹೆಂಗಸರನ್ನು ನೋಡಿ. ಅಲ್ಲಿಯ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಕುಶಲಕರ್ಮಿಗಳು ಹೊಲಿದ 1755 ತುಂಡುಗಳನ್ನು 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಮಾಡಿದರು. ದಾಖಲೆಯ ಗದ್ದಲ ಹಾಗಿರಲಿ. ಜೊತೆಗೆ ಕೂತು ಹೊಲಿದರೆ ಪಕ್ಕದವಳ ಕಣ್ಣಿಗೆ ತಪ್ಪು ಮೂರನೇ ಹೊಲಿಗೆಗೇ ಬೀಳುತ್ತದೆ. ಒಬ್ಬಳೇ ಅಡುಗೆ ಮುಗಿಸಿ ಜಗಲಿಯಲ್ಲಿ ಕೂತರೆ ಅದು ಮುನ್ನೂರನೇ ಹೊಲಿಗೆಗೆ ಗೊತ್ತಾಗುತ್ತದೆ. ವಾರಕ್ಕೆರಡು ಸಂಜೆ ಒಂದು ಶಾಲಾ ಕೋಣೆಯೋ ಸಂಘದ ಜಗಲಿಯೋ ಸಿಕ್ಕರೂ ಬಸ್ರೂರಿನಂಥ ಊರಿನಲ್ಲಿ ಅರ್ಧ ಗಂಟು ಬಿಚ್ಚೀತು.

ಇನ್ನರ್ಧ ಗಂಟು ಇರುವುದು ಅಂಗಡಿಯ ಮೇಜಿನ ಮೇಲೆ. ಗಿರಾಕಿ ಕೇಳುವುದು ಒಂದೇ: "ಇದಕ್ಕೆ ಇಷ್ಟಾ? ಕಂಪ್ಯೂಟರಿನದ್ದು ಅರ್ಧಕ್ಕೆ ಸಿಗ್ತದಲ್ಲ ಮಾರಾಯ್ರೆ!" ಮಾಲಿಕರೂ ಹೌದೆನ್ನುತ್ತಾರೆ. ಇಬ್ಬರೂ ಬಟ್ಟೆಯನ್ನು ಒಮ್ಮೆ ತಿರುವಿ ನೋಡಿದರೆ ಸಾಕು. ಮೆಶೀನಿನ ಕೆಲಸದ ಹಿಂಭಾಗದಲ್ಲಿ ಬಾಬಿನ್ನಿನ ಬೇರೆಯದೇ ದಾರ, ಹೆಚ್ಚಾಗಿ ಬಿಳಿಯದು, ಸಾಲಾಗಿ ಓಡಿರುತ್ತದೆ. ಜೊತೆಗೆ ಅಂಟಿಸಿದ ಕಾಗದದಂಥ ಪದರ. ಕೈಯದ್ದರಲ್ಲಿ ಎರಡು ಕಡೆಯೂ ಅದೇ ದಾರ, ಅದೇ ಬಣ್ಣ. ಇವೆರಡನ್ನೂ ಒಂದೇ ಕಪಾಟಿನಲ್ಲಿಟ್ಟು ಒಂದೇ ದರ ಹೇಳಿದರೆ, ಮೂರು ಸಲ ಬಿಚ್ಚಿ ಹೊಲಿದವಳು ನಾಲ್ಕನೇ ಸಲ ರಿಂಗು ಕೈಗೆ ತೆಗೆದುಕೊಳ್ಳುವುದಿಲ್ಲ.