ಒಬ್ಬ ನಪಾಸಾದ್ರ ಐದು ಟಕ್ಕೆ ಹೋತು!

ಜತ್ತ: ಕೊಲ್ಹಾಪುರ ವಿಭಾಗೀಯ ಮಂಡಳಿಯ ಹತ್ತನೇ ಇಯತ್ತೆ ನಿಕಾಲ ಬಂದಾಗ ತಾಲೂಕಿನ ಪೂರ್ವ ಭಾಗದ ಉಮದಿ, ಸಂಖ ಕಡೆ ಒಂದೇ ಮಾತು: ನಿಮ್ಮ ಸಾಲಿ ಎಷ್ಟು ಟಕ್ಕೆ? ನೂರಕ್ಕೆ ನೂರಾದರೆ ಗುಲಾಲು. ಕಡಿಮೆಯಾದರೆ ಮುಖ್ಯ ಗುರುಗಳು ಊರಾಗ ತಲೆ ಎತ್ತುವಂತಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಸಣ್ಣ ಊರಿನ ಕನ್ನಡ ಹೈಸ್ಕೂಲಿನಿಂದ ಪರೀಕ್ಷೆಗೆ ಕೂತವರು 20 ಮಂದಿ ಅಂತಿಟ್ಟುಕೊಳ್ಳಿ. ಗಣಿತದಲ್ಲಿ ಒಬ್ಬ ನಪಾಸಾದರೆ 5 ಟಕ್ಕೆ ಹೋಯಿತು. 200 ಮಕ್ಕಳ ಪೇಟೆ ಶಾಲೆಗೆ ಅದೇ ಒಬ್ಬನಿಂದ ಹೋಗುವುದು ಅರ್ಧ ಟಕ್ಕೆ. ಎರಡನ್ನೂ ಒಂದೇ ಯಾದಿಯಲ್ಲಿ ಹಚ್ಚಿ ಮೊದಲು, ಕೊನೆ ಅನ್ನೋದು ಎಷ್ಟು ಬರೋಬ್ಬರಿ?

ಯಾದಿಯಲ್ಲಿ ಕಾಣದ ಮಾತು ಇನ್ನೊಂದೈತಿ. ದೀಪಾವಳಿ ಹೊತ್ತಿಗೆ ಈ ಬರದ ಸೀಮೆಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಶಾಲೆಯಲ್ಲಿ ಉಳಿಯಿತು, ಇಲ್ಲದಿದ್ದರೆ ಅಪ್ಪ-ಅವ್ವನ ಜೋಡಿ ಗಾಡಿ ಹತ್ತಿತು. ಪರೀಕ್ಷೆ ಫಾರ್ಮ್ ತುಂಬದ ಆ ಮಗು ನಪಾಸಿನ ಲೆಕ್ಕಕ್ಕೂ ಬರುವುದಿಲ್ಲ. ಶಾಲೆ ಮಾತ್ರ ನೂರಕ್ಕೆ ನೂರು!

ಪಾಲಕರು ನಿಕಾಲದ ಜೋಡಿ ಇದನ್ನೂ ಕೇಳಬೇಕು: ಎಂಟನೇ ಇಯತ್ತೆಯಲ್ಲಿ ಎಷ್ಟು ಮಕ್ಕಳಿದ್ದರು, ಹತ್ತನೇ ಪರೀಕ್ಷೆಗೆ ಎಷ್ಟು ಮಂದಿ ಕೂತರು? ಉತ್ತರ ಶಾಲೆಯ ಹಾಜರಿ ಪುಸ್ತಕದಲ್ಲೇ ಇರುತ್ತದೆ.